ಟಾರ್ಚ್ ತಗೊಳೋಕ್ ಮುಂಚೆ ಸೆಲ್ ನೋಡಿ, ಲುಮೆನ್ ಆಮೇಲೆ

ಟಾರ್ಚ್ ಅಂತ ಆನ್‌ಲೈನಲ್ಲಿ ಹುಡುಕಿದ್ರೆ ಮೊದಲು ಕಣ್ಣಿಗೆ ಬೀಳೋದೇ ಲುಮೆನ್ ನಂಬರು, ಅಂದ್ರೆ ಟಾರ್ಚ್ ಎಷ್ಟು ಬೆಳಕು ಕೊಡತ್ತೆ ಅನ್ನೋ ಅಳತೆ. ಅಂಗೈಲಿ ಹಿಡಿಯೋ ಟಾರ್ಚಿಗೆ ಒಂದು ಲಕ್ಷ ಲುಮೆನ್ ಅಂತ ದೊಡ್ಡಕ್ಷರದಲ್ಲಿ ಬರ್ದಿರ್ತಾರೆ, ಕೆಳಗೆ ಸೂಪರ್ ಸೂಪರ್ ಅಂತ ಐದೈದು ಸ್ಟಾರು. ಅದು ಬುರುಡೆ. ಹೇಗ್ ಗೊತ್ತು ಅಂದ್ರೆ ಒಂದು ಸಣ್ಣ ಲೆಕ್ಕ ಇದೆ, ಅದಿಷ್ಟು ತಲೇಲಿದ್ರೆ ಮುಂದೆ ಯಾವ ಟಾರ್ಚ್ ನೋಡಿದ್ರೂ ಡಬ್ಬಿ ಮೇಲೆ ಬರ್ದಿರೋದು ಆಗೋ ಮಾತಾ ಆಗದಿರೋ ಮಾತಾ ಅಂತ ನೀವೇ ಹೇಳ್ಬೋದು.

ಈಗ ಸಿಗೋ ಒಳ್ಳೇ ಎಲ್‌ಇಡಿ ಟಾರ್ಚು ಒಂದು ವ್ಯಾಟಿಗೆ ಹೆಚ್ಚುಕಮ್ಮಿ 100 ಲುಮೆನ್ ಕೊಡತ್ತೆ, ತುಂಬ ಚೆನ್ನಾಗಿರೋದು 150ರ ತನಕ ಹೋಗತ್ತೆ. ಹಾಗಾದ್ರೆ ಒಂದು ಲಕ್ಷ ಲುಮೆನ್‌ಗೆ 700ರಿಂದ 1000 ವ್ಯಾಟ್ ಬೇಕು, ಅಂದ್ರೆ ಒಂದು ಇಸ್ತ್ರಿ ಪೆಟ್ಟಿಗೆ ಎಳೆಯೋವಷ್ಟು ಪವರ್ರು. ಆ ಟಾರ್ಚೊಳಗೆ ಇರೋದು ಒಂದೇ ಒಂದು 18650 ಅನ್ನೋ ರೀಚಾರ್ಜ್ ಆಗೋ ಲಿಥಿಯಂ ಸೆಲ್ಲು, ಒಳ್ಳೇ ಕಂಪನೀದೇ ಅಂತ ಇಟ್ಕೊಳ್ಳಿ, 3500 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋ ಅಳತೆ), 3.6 ವೋಲ್ಟು, ಗುಣಿಸಿ ಸಾವಿರದಿಂದ ಭಾಗಿಸಿದ್ರೆ 12.6 ವ್ಯಾಟ್-ಅವರ್, ಅಂದ್ರೆ ಒಂದು ವ್ಯಾಟ್ ಎಳೆದ್ರೆ 12.6 ಗಂಟೆ ಬರತ್ತೆ. ಅದ್ರಿಂದ 1000 ವ್ಯಾಟ್ ಎಳೆದ್ರೆ ಮುಕ್ಕಾಲು ನಿಮಿಷಕ್ಕೆ ಸೆಲ್ ಖಾಲಿ, ಎಳೆಯೋಕೆ ಆಗೋದೂ ಇಲ್ಲ ಬಿಡಿ. ಇದೇ ಲೆಕ್ಕಾನ ಉಲ್ಟಾ ಹಾಕಿ ನೋಡಿ, ಅದೇ ಸೆಲ್ಲಲ್ಲಿ 100 ಲುಮೆನ್ ಹಚ್ಚಿಟ್ರೆ ಸುಮಾರು ಹನ್ನೆರಡು ಗಂಟೆ ಉರಿಯತ್ತೆ, 300 ಲುಮೆನ್ ಅಂದ್ರೆ ನಾಲ್ಕು ಗಂಟೆ, 1000 ಅಂದ್ರೆ ಒಂದೂಕಾಲು ಗಂಟೆ. ಯಾವ ಕಂಪನಿ ಮಾಡಿದ್ರೂ ಇದ್ರ ಆಸುಪಾಸಲ್ಲೇ ಇರಬೇಕು. ಅದಕ್ಕೇ ಹೇಳೋದು, ಟಾರ್ಚಿನ ಜಾತಕ ಇರೋದು ಸೆಲ್ಲಲ್ಲಿ, ಮೊದಲು ಯಾವ ಸೆಲ್ ಬೇಕು ಅಂತ ಡಿಸೈಡ್ ಮಾಡಿ ಆಮೇಲೆ ಅದಕ್ಕೆ ಸರಿಯಾದ ಟಾರ್ಚ್ ಹುಡುಕಿ.

ಎಷ್ಟು ಬೆಳಕು ಬೇಕು

ನೀವು ಅಂದ್ಕೊಂಡಿರೋದಕ್ಕಿಂತ ತುಂಬ ಕಮ್ಮಿ. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋಕೆ, ಪಕ್ಕದಲ್ಲಿ ಮಲಗಿರೋರಿಗೆ ಎಚ್ಚರ ಆಗದಂಗೆ ಏನಾದ್ರೂ ಹುಡುಕೋಕೆ ಒಂದು ಲುಮೆನ್ ಕೂಡ ಬೇಡ, ಅರ್ಧ ಲುಮೆನ್ ಸಾಕು, ಇದಕ್ಕೇ ಮೂನ್‌ಲೈಟ್ ಮೋಡ್ ಅಂತ ಇರತ್ತೆ. ಓದೋಕೆ, ಟೆಂಟ್ ಒಳಗೆ, ಬ್ಯಾಗಲ್ಲಿ ತಡಕೋಕೆ 10ರಿಂದ 30. ಗೊತ್ತಿರೋ ದಾರೀಲಿ ನಡೆಯೋಕೆ 50ರಿಂದ 100. ಗೊತ್ತಿಲ್ಲದ ಕಾಡುದಾರಿ, ಕಲ್ಲುಮುಳ್ಳು ಅಂದ್ರೆ 200ರಿಂದ 400. ದೂರದಲ್ಲಿ ಏನೋ ಸದ್ದಾಯ್ತು ಅಂತ ಒಂದ್ಸಲ ಬೀಸಿ ನೋಡೋಕೆ 1000 ಇದ್ರೆ ಚೆಂದ, ಆದ್ರೆ ಅದು ಅರ್ಧ ನಿಮಿಷದ ಕೆಲಸ. ದಿನಾ ಬಳಸೋರು ಟಾರ್ಚ್ ಹಚ್ಚೋದ್ರಲ್ಲಿ ಮುಕ್ಕಾಲುಪಾಲು ಹೊತ್ತು 100 ಲುಮೆನ್ ಕೆಳಗೇ ಇರತ್ತೆ, ಹಾಗಾಗಿ ಹೈ ಮೋಡ್ ಎಷ್ಟು ಅಂತ ಕೇಳೋಕೆ ಮುಂಚೆ ಲೋ ಮೋಡ್ ಎಷ್ಟಕ್ಕೆ ಇಳಿಯತ್ತೆ ಅಂತ ಕೇಳಿ. ತೀರಾ ಕಮ್ಮಿ ಅಂದ್ರೂ 150 ಲುಮೆನ್ ಅನ್ನೋ ಟಾರ್ಚು ಮನೆಯೊಳಗೆ ಕಿರಿಕಿರಿ, ಒಂದು ಪುಸ್ತಕದ ಮೇಲೆ ಬಿಟ್ರೆ ಬಿಳಿ ಹಾಳೆ ಕಣ್ಣಿಗೆ ಹೊಡೆಯತ್ತೆ.

ಇನ್ನೊಂದು ವಿಷ್ಯ, ನಮ್ಮ ಕಣ್ಣು ಬೆಳಕನ್ನ ನೇರ ಲೆಕ್ಕದಲ್ಲಿ ಅಳೆಯಲ್ಲ. ಲುಮೆನ್ ಎರಡರಷ್ಟು ಆದ್ರೆ ಬೆಳಕು ಎರಡರಷ್ಟು ಕಾಣಲ್ಲ, ಎರಡರಷ್ಟು ಅನ್ಸೋಕೆ ಹತ್ತಿರ ಹತ್ತಿರ ನಾಲ್ಕರಷ್ಟು ಬೇಕು. 800 ಲುಮೆನ್ ಟಾರ್ಚು 1000 ಲುಮೆನ್ ಟಾರ್ಚು ಎರಡನ್ನೂ ಬೇರೆ ಬೇರೆ ದಿನ ಕೈಗೆ ಕೊಟ್ರೆ ಯಾವ್ದು ಯಾವ್ದು ಅಂತ ಯಾರಿಗೂ ಗೊತ್ತಾಗಲ್ಲ, ಆ 200 ಲುಮೆನ್‌ಗೋಸ್ಕರ ಜಾಸ್ತಿ ದುಡ್ಡು ಕೊಡೋದು ದಂಡ.

ದೂರ ಬೇಕಾ ಅಗಲ ಬೇಕಾ

ಲುಮೆನ್ ಅಂದ್ರೆ ಟಾರ್ಚಿಂದ ಹೊರಗೆ ಬರೋ ಒಟ್ಟು ಬೆಳಕು. ಅದು ಎಷ್ಟು ದೂರ ಹೋಗತ್ತೆ ಅನ್ನೋದನ್ನ ಹೇಳೋದು ಕ್ಯಾಂಡೆಲಾ. ಒಂದೇ 500 ಲುಮೆನ್‌ನ ದೊಡ್ಡ ರಿಫ್ಲೆಕ್ಟರ್ ಹಾಕಿ ಒಂದು ಕಡೆ ಕೂಡಿಸಿದ್ರೆ 300 ಮೀಟರ್ ದಾಟತ್ತೆ, ರಿಫ್ಲೆಕ್ಟರ್ ಇಲ್ದೆ ಅಗಲಕ್ಕೆ ಬಿಟ್ರೆ ಐವತ್ತು ಮೀಟರಿಗೇ ಸುಸ್ತು, ಆದ್ರೆ ಕಾಲ ಕೆಳಗೆ ಅಕ್ಕಪಕ್ಕ ಎಲ್ಲಾ ಸಮವಾಗಿ ಕಾಣತ್ತೆ. ಇದಕ್ಕೂ ಸುಲಭ ಲೆಕ್ಕ ಇದೆ, ಕ್ಯಾಂಡೆಲಾ ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದ್ರೆ ಡಬ್ಬಿ ಮೇಲೆ ಬರೆಯೋ ಮೀಟರ್ ಸಿಗತ್ತೆ. 10,000 ಕ್ಯಾಂಡೆಲಾ ಅಂದ್ರೆ 200 ಮೀಟರ್, 40,000 ಅಂದ್ರೆ 400 ಮೀಟರ್. ನೋಡಿ, ದೂರ ಡಬಲ್ ಆಗೋಕೆ ಕ್ಯಾಂಡೆಲಾ ನಾಲ್ಕುಪಟ್ಟು ಆಗ್ಬೇಕು.

ಆ ಮೀಟರ್ ಸಂಖ್ಯೆನೂ ಪೂರ್ತಿ ನಂಬ್ಕೊಂಡು ಕೂರೋ ಹಾಗಿಲ್ಲ. 2009ರಲ್ಲಿ ಬಂದ ಎಎನ್‌ಎಸ್‌ಐ ಎಫ್‌ಎಲ್1 ಅನ್ನೋ ಅಮೆರಿಕದ ಟಾರ್ಚ್ ಸ್ಟ್ಯಾಂಡರ್ಡ್ ಪ್ರಕಾರ ಬೆಳಕು 0.25 ಲಕ್ಸ್‌ಗೆ ಇಳಿಯೋ ಜಾಗಾನೇ ಆ ಟಾರ್ಚಿನ ದೂರ. 0.25 ಲಕ್ಸ್ ಅಂದ್ರೆ ಮೋಡ ಇಲ್ಲದ ಹುಣ್ಣಿಮೆ ರಾತ್ರಿ ಬೆಳದಿಂಗಳಷ್ಟು. ಅಷ್ಟರಲ್ಲಿ ಅಲ್ಲೇನೋ ಇದೆ ಅಂತ ಗೊತ್ತಾಗ್ಬೋದು, ಅದು ನಾಯಿನಾ ಮರದ ಬುಡಾನಾ ಅಂತ ಗೊತ್ತಾಗಲ್ಲ. ಅದಕ್ಕೆ ಬರ್ದಿರೋದ್ರಲ್ಲಿ ಅರ್ಧ, ಇನ್ನೂ ಸೇಫಾಗಿ ಮೂರನೇ ಒಂದು ಭಾಗ ಅಂತ ಲೆಕ್ಕ ಹಾಕ್ಕೊಳ್ಳಿ.

ನಡೆಯೋಕೆ, ಟೆಂಟಿಗೆ, ರಿಪೇರಿ ಕೆಲಸಕ್ಕೆ ಅಗಲದ ಬೆಳಕೇ ವಾಸಿ. ದೂರ ಹೊಡೆಯೋ ಟಾರ್ಚ್ ಹಿಡ್ಕೊಂಡು ನಡೆದ್ರೆ ಮುಂದೆ ಒಂದು ಸಣ್ಣ ಬಿಳಿ ಚುಕ್ಕೆ, ಸುತ್ತ ಕತ್ತಲೆ, ಕಾಲಿಟ್ಟಲ್ಲಿ ಏನಿದೆ ಕಾಣಲ್ಲ, ಆ ಚುಕ್ಕೆನೇ ನೋಡಿ ನೋಡಿ ಕಣ್ಣು ಸೋತುಹೋಗತ್ತೆ. ನಡುವೆ ಅಂಚು ಮೆತ್ತಗಿರೋ ಒಂದು ಗಟ್ಟಿ ಬೆಳಕು, ಸುತ್ತ ಅದಕ್ಕಿಂತ ಮಂದ ಹರಡು ಇರೋದು ಎಲ್ಲಾದಕ್ಕೂ ಆಗಿಬರತ್ತೆ. ಮುಂದಕ್ಕೆ ಎಳೆದು ಹಿಂದಕ್ಕೆ ತಳ್ಳೋ ಜೂಮ್ ಟಾರ್ಚು ನೋಡೋಕೆ ಎರಡನ್ನೂ ಕೊಡೋ ಹಾಗಿದ್ರೂ ನನಗಂತೂ ಅಷ್ಟಕ್ಕಷ್ಟೇ. ಜೂಮ್ ಮಾಡಿದಾಗ ಸುತ್ತಲಿನ ಬೆಳಕು ಪೂರ್ತಿ ಹೋಗತ್ತೆ, ಎಲ್‌ಇಡಿಯ ಚೌಕ ಆಕಾರಾನೇ ಗೋಡೆ ಮೇಲೆ ಮೂಡತ್ತೆ, ಲುಮೆನ್ನೂ ಒಂದಷ್ಟು ಒಳಗೇ ವೇಸ್ಟ್ ಆಗತ್ತೆ, ಎಲ್ಲಕ್ಕಿಂತ ಮುಖ್ಯ ಆ ಜಾರೋ ಜಾಗದಿಂದ ನೀರು ಮಣ್ಣು ಒಳಗೆ ಹೋಗೋದು ತಪ್ಪಿಸೋದು ಕಷ್ಟ.

ರನ್‌ಟೈಮ್ ಅನ್ನೋ ಮಾಯೆ

ಅದೇ ಸ್ಟ್ಯಾಂಡರ್ಡಲ್ಲಿ ರನ್‌ಟೈಮ್ ಅಳೆಯೋದು ಹೇಗೆ ಅಂದ್ರೆ, ಹಚ್ಚಿ 30 ಸೆಕೆಂಡ್ ಆದ್ಮೇಲೆ ಇರೋ ಬೆಳಕು ನೂರು ಅಂತ ಇಟ್ಕೊಂಡು ಅದು ಹತ್ತಕ್ಕೆ ಇಳಿಯೋ ತನಕ ಎಷ್ಟು ಹೊತ್ತು ಅಂತ. ಹಾಗಾಗಿ 1000 ಲುಮೆನ್, ಮೂರು ಗಂಟೆ ಅಂತ ಬರ್ದಿದ್ರೆ ಮೂರು ಗಂಟೆನೂ 1000 ಬರತ್ತೆ ಅಂತಲ್ಲ. ಎರಡು ನಿಮಿಷ 1000 ಬಂದು, ಬಿಸಿ ಆಯ್ತು ಅಂತ 350ಕ್ಕೆ ಇಳಿದು, ಅಲ್ಲೇ ಎರಡೂವರೆ ಗಂಟೆ ಎಳೆದು, ಕೊನೇಲಿ 100 ಆದ್ರೂ ಅದು ಮೂರು ಗಂಟೆನೇ. ಸುಳ್ಳಲ್ಲ, ಆದ್ರೆ ನಿಜಾನೂ ಅಲ್ಲ. ಸಣ್ಣ ಟಾರ್ಚಲ್ಲಿ ಬಿಸಿ ಹೋಗೋಕೆ ಜಾಗಾನೇ ಇರಲ್ಲ, ಹಾಗಾಗಿ ಬೆರಳುದ್ದದ ಟಾರ್ಚಿಗೆ 1000 ಲುಮೆನ್ ಟರ್ಬೋ (ಅತಿ ಹೆಚ್ಚು ಬೆಳಕಿನ ಮೋಡು) ಅಂದ್ರೆ ಒಂದೆರಡು ನಿಮಿಷದ ಜಂಭ ಅಷ್ಟೇ. ಒಳ್ಳೇ ಕಂಪನಿಗಳು ಗ್ರಾಫ್ ಹಾಕಿರ್ತಾರೆ, ಅದನ್ನ ನೋಡಿ. ಗೆರೆ ಒಂದು ಮಟ್ಟದಲ್ಲಿ ಸಪಾಟಾಗಿ ಹೋಗಿ ಕೊನೇಲಿ ಧಡ್ ಅಂತ ಬಿದ್ರೆ ಅದು ರೆಗ್ಯುಲೇಟೆಡ್, ಶುರುವಿಂದಾನೇ ಇಳಿಜಾರಲ್ಲಿ ಇಳೀತಾ ಹೋದ್ರೆ ಅಲ್ಲ. ನಿಮಗೆ ಬೇಕಾಗಿರೋದು ಆ ಸಪಾಟು ಗೆರೆ ಎಷ್ಟು ಲುಮೆನ್‌ನಲ್ಲಿ ಇದೆ ಅನ್ನೋದು, ನಿಜವಾದ ಟಾರ್ಚು ಅದೇ.

ಈಗ ಸೆಲ್ಲಿಗೆ ಬರೋಣ

ಎಎ, ಎಎಎ ಸೆಲ್ಲುಗಳ (ರಿಮೋಟು, ಗಡಿಯಾರಕ್ಕೆ ಹಾಕೋ ಪೆನ್ಸಿಲ್ ಸೆಲ್ಲು) ದೊಡ್ಡ ಗುಣ ಎಲ್ಲಿ ಬೇಕಾದ್ರೂ ಸಿಗೋದು. ಮೂರ್ನಾಲ್ಕು ದಿನ ಚಾರ್ಜಿಂಗ್ ಇಲ್ಲದ ಕಡೆ ಹೋಗೋರಿಗೆ, ವರ್ಷಕ್ಕೆ ನಾಲ್ಕು ಸಲ ಟಾರ್ಚ್ ಹಚ್ಚೋರಿಗೆ ಇದು ಸರಿ. ಆದ್ರೆ ಮಾಮೂಲಿ ಆಲ್ಕಲೈನ್ ಸೆಲ್ಲು ಟಾರ್ಚೊಳಗೇ ಮರೆತುಬಿಟ್ರೆ ಸೋರತ್ತೆ, ಸ್ಪ್ರಿಂಗ್ ಮೇಲೆಲ್ಲಾ ಬಿಳಿ ಪುಡಿ ಕಟ್ಕೊಂಡು ಟಾರ್ಚೇ ಹಾಳು. ಕಟ್ಕೊಂಡಿದ್ರೆ ಸೆಲ್ ತೆಗೆದು ಹತ್ತಿಕಡ್ಡಿಗೆ ಸ್ವಲ್ಪ ವಿನೆಗರ್ ಅಥವಾ ನಿಂಬೆರಸ ಮುಟ್ಟಿಸಿ ಒರೆಸಿ, ಅದು ಕ್ಷಾರ, ಹುಳಿ ತಾಗಿದ್ರೆ ಬಿಡತ್ತೆ, ಆಮೇಲೆ ಚೆನ್ನಾಗಿ ಒಣಗಿಸಿ, ಬರಿಗೈಲಿ ಮುಟ್ಟಬೇಡಿ. ರೆಗ್ಯುಲರ್ ಆಗಿ ಬಳಸೋದಾದ್ರೆ ರೀಚಾರ್ಜ್ ಆಗೋ ಎನ್‌ಐಎಂಎಚ್ ಎಎ ತಗೊಳ್ಳಿ, 1.2 ವೋಲ್ಟ್ ಅಂತ ಬರ್ದಿದ್ರೂ ತಲೆ ಕೆಡಿಸ್ಕೋಬೇಡಿ, ಲೋಡ್ ಬಿದ್ದಾಗ ಆಲ್ಕಲೈನ್‌ಗಿಂತ ಚೆನ್ನಾಗಿ ನಿಲ್ಲತ್ತೆ. ಮೂರು ಎಎಎ ಒಂದು ಪ್ಲಾಸ್ಟಿಕ್ ತೊಟ್ಟಿಲಲ್ಲಿ ಹಾಕಿ ಒಳಗೆ ತಳ್ಳೋ ಟಾರ್ಚ್ ಮಾತ್ರ ಬೇಡ. ಆ ತೊಟ್ಟಿಲಲ್ಲಿ ಆರು ಕಡೆ ತಗಡು ತಾಗಬೇಕು, ಒಂದು ಕಡೆ ಸಡಿಲ ಆದ್ರೂ ಮಿಣ ಮಿಣ ಅನ್ನತ್ತೆ, ಮೂರರಲ್ಲಿ ಒಂದು ಸೆಲ್ ವೀಕ್ ಆದ್ರೂ ಮೂರನ್ನೂ ಬದಲಾಯಿಸ್ಬೇಕು.

ಸೀರಿಯಸ್ಸಾಗಿ ಬಳಸೋರಿಗೆ ಲಿಥಿಯಂ-ಅಯಾನ್. 18650 ಅಂದ್ರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೇ ಸೊನ್ನೆ ದುಂಡಗಿನ ಸೆಲ್ ಅಂತ. 21700 ಅಂದ್ರೆ 21 ದಪ್ಪ, 70 ಉದ್ದ. ಒಂದು ರೀಚಾರ್ಜ್ ಎಎಲಿ ಇರೋದು ಸುಮಾರು 2.4 ವ್ಯಾಟ್-ಅವರ್, ಒಂದು 18650ರಲ್ಲಿ 12ಕ್ಕೂ ಮೇಲೆ, ಐದು ಎಎ ಹೊರೋ ಬದಲು ಒಂದೇ ಸೆಲ್ಲು. 18650ಲಿ 3500 ಎಂಎಎಚ್, 21700ಲಿ 5000 ಎಂಎಎಚ್ ಅಂದ್ರೆ ನಂಬ್ಬೋದು, ಅದಕ್ಕಿಂತ ಸ್ವಲ್ಪ ಮೇಲಿರೋವೂ ಈಗ ಬಂದಿವೆ. 18650 ಮೇಲೆ 9900 ಎಂಎಎಚ್ ಅಂತ ಬರ್ದಿದ್ರೆ ಕಣ್ಣುಮುಚ್ಚಿ ಎಸೀರಿ. ಮನೇಲಿ ಗ್ರಾಂ ತೋರಿಸೋ ತಕ್ಕಡಿ ಇದ್ರೆ ಇನ್ನೂ ಸುಲಭ, ನಿಜವಾದ 18650 ಹತ್ತಿರ ಹತ್ತಿರ 45ರಿಂದ 50 ಗ್ರಾಂ ತೂಗತ್ತೆ, 30 ಚಿಲ್ಲರೆ ತೂಗಿದ್ರೆ ಒಳಗೆ ಮಾಲೇ ಇಲ್ಲ.

ಇಲ್ಲೊಂದು ಅಪಾಯ ಇದೆ, ಗಮನ ಇಟ್ಟು ಓದಿ. 14500 ಅನ್ನೋ ಲಿಥಿಯಂ ಸೆಲ್ಲು ಸೈಜಲ್ಲಿ ಥೇಟ್ ಎಎ ಥರಾನೇ ಇರತ್ತೆ, ಆದ್ರೆ ಫುಲ್ ಚಾರ್ಜಲ್ಲಿ 4.2 ವೋಲ್ಟು. ಎಎ ಮಾತ್ರ ಅಂತ ಇರೋ ಟಾರ್ಚಿಗೆ ಇದನ್ನ ಹಾಕಿದ್ರೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗ್ಬೋದು. ಎರಡೂ ಓಡತ್ತೆ ಅಂತ ಕಂಪನಿನೇ ಬರ್ದಿದ್ರೆ ಮಾತ್ರ ಹಾಕಿ. ಹಾಗೇ ಎರಡು ಮೂರು ಸೆಲ್ ಸಾಲಾಗಿ ಹಾಕೋ ಟಾರ್ಚಲ್ಲಿ ಹಳೇದು ಹೊಸದು, ಬೇರೆ ಬೇರೆ ಕಂಪನೀದು ಬೆರೆಸಬೇಡಿ, ವೀಕ್ ಆಗಿರೋ ಸೆಲ್ ಮೇಲೆ ಉಳಿದವು ಒತ್ತಿ ಅದು ಬಿಸಿಯಾಗಿ ಹೊಗೆ ಬಿಡೋವರೆಗೂ ಹೋಗ್ಬೋದು. ಮೇಲಿನ ಪ್ಲಾಸ್ಟಿಕ್ ಸುತ್ತು ಹರಿದಿರೋ ಲಿಥಿಯಂ ಸೆಲ್ ಬಳಸ್ಲೇಬೇಡಿ, ಯಾಕಂದ್ರೆ ಸೆಲ್ಲಿನ ಹೊರಮೈ ಪೂರ್ತಿ ನೆಗೆಟಿವ್ವು, ಟಾರ್ಚಿನ ಲೋಹಕ್ಕೆ ತಾಗಿದ್ರೆ ಶಾರ್ಟ್ ಆಗ್ಬೋದು. ಬಿಡಿ ಸೆಲ್ಲನ್ನ ಕೀಲಿ ಗೊಂಚಲು, ಚಿಲ್ಲರೆ ಇರೋ ಜೇಬಲ್ಲಿ ಹಾಕೋದೂ ಅಷ್ಟೇ ಡೇಂಜರ್, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇಟ್ಕೊಳ್ಳಿ. ವಿಮಾನದಲ್ಲಿ ಹೋಗೋವಾಗ ಬಿಡಿ ಲಿಥಿಯಂ ಸೆಲ್ಲು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕೋ ಹಾಗಿಲ್ಲ.

ಸೆಲ್ ತೆಗೆಯೋಕಾಗದ, ಒಳಗೇ ಸೀಲ್ ಮಾಡಿರೋ ಟಾರ್ಚುಗಳೂ ಬರ್ತವೆ. ಕೀಚೈನ್ ಲೈಟಿಗೆ ಪರ್ವಾಗಿಲ್ಲ. ದೊಡ್ಡದಕ್ಕೆ ಬೇಡ, ಮೂರ್ನಾಲ್ಕು ವರ್ಷಕ್ಕೆ ಸೆಲ್ ಸೋತಾಗ ಟಾರ್ಚನ್ನೇ ಬಿಸಾಕ್ಬೇಕು, ಹೊರಗಡೆ ಇದ್ದಾಗ ಖಾಲಿ ಆದ್ರೆ ಇನ್ನೊಂದು ಸೆಲ್ ಹಾಕೋಕೂ ಆಗಲ್ಲ. ಚಾರ್ಜಿಂಗಿಗೆ ಟೈಪ್-ಸಿ ಇದ್ರೆ ಒಂದು ಟೆಸ್ಟ್ ಮಾಡಿ, ಎರಡೂ ತುದಿ ಸಿ ಇರೋ ಕೇಬಲ್ ಹಾಕಿ ಫೋನ್ ಚಾರ್ಜರಿಗೆ ಸಿಕ್ಕಿಸಿ. ಎಷ್ಟೋ ಅಗ್ಗದ ಟಾರ್ಚಲ್ಲಿ ಪೋರ್ಟ್ ಸಿ ಹಾಕಿರ್ತಾರೆ, ಚಾರ್ಜರಿಗೆ ನಾನಿದ್ದೀನಿ ಅಂತ ಹೇಳೋ ಎರಡು ಪುಟಾಣಿ ರೆಸಿಸ್ಟರ್ ಹಾಕೋದನ್ನ ಉಳಿಸಿರ್ತಾರೆ, ಆಗ ಅದು ಹಳೇ ಚಪ್ಪಟೆ ಯುಎಸ್‌ಬಿ ಕೇಬಲ್ಲಲ್ಲಿ ಮಾತ್ರ ಚಾರ್ಜ್ ಆಗತ್ತೆ, ಸಿ-ಟು-ಸಿಲಿ ಸತ್ತಂಗೆ ಬಿದ್ದಿರತ್ತೆ. ಟಾರ್ಚ್ ಕೆಟ್ಟೋಯ್ತು ಅಂತ ಅಂದ್ಕೊಳೋರು ಜಾಸ್ತಿ, ಕೇಬಲ್ ಬದಲಾಯಿಸಿ ನೋಡಿ ಮೊದಲು.

ಸೋಲಾರ್ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಲ್ಯಾಂಟರ್ನ್ ತಲೆ ಮೇಲೆ ಅಂಟಿಸಿರೋ ಐದು ಸೆಂಟಿಮೀಟರ್ ಹತ್ತು ಸೆಂಟಿಮೀಟರ್ ಪ್ಯಾನೆಲ್ಲು ಸುಡುಬಿಸಿಲಲ್ಲಿ ನೇರವಾಗಿ ಇಟ್ರೂ ಒಂದು ವ್ಯಾಟ್ ಕೊಟ್ರೆ ಹೆಚ್ಚು. ಹನ್ನೆರಡು ವ್ಯಾಟ್-ಅವರ್ ಸೆಲ್ ತುಂಬ್ಬೇಕಂದ್ರೆ ಎರಡು ಮೂರು ದಿನದ ಒಳ್ಳೇ ಬಿಸಿಲು ಬೇಕು. ತುರ್ತಿಗೆ ಇರಲಿ, ಅದೇ ಮುಖ್ಯ ಅಂತ ನಂಬಬೇಡಿ.

ಬಿಳಿ ಅಂದ್ರೆ ಯಾವ ಬಿಳಿ

ತುಂಬ ಜನ ಇದನ್ನ ನೋಡೋದೇ ಇಲ್ಲ, ಆದ್ರೆ ದಿನಾ ಬಳಸೋವಾಗ ಲುಮೆನ್‌ಗಿಂತ ಇದೇ ಗೊತ್ತಾಗೋದು. ಬೆಳಕಿನ ಬಣ್ಣಾನ ಕೆಲ್ವಿನ್‌ನಲ್ಲಿ ಹೇಳ್ತಾರೆ, 6500 ಅಂದ್ರೆ ನೀಲಿ ಹೊಡೆಯೋ ಬಿಳಿ, 4000ದಿಂದ 5000 ಅಂದ್ರೆ ನೀಲಿನೂ ಅಲ್ಲದ ಹಳದಿನೂ ಅಲ್ಲದ ಬಿಳಿ, 3000ದ ಕೆಳಗೆ ಹಳೇ ಬುರುಡೆ ಬಲ್ಬಿನ ಹಳದಿ. ಜೊತೆಗೆ ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ, ನೂರಕ್ಕೆ ಎಷ್ಟು ಹತ್ತಿರ ಇದ್ಯೋ ಬಣ್ಣಗಳು ಅಷ್ಟು ನಿಜವಾಗಿ ಕಾಣ್ತವೆ. ಮಾಮೂಲಿ ಟಾರ್ಚು 70ರ ಹತ್ತಿರ ಇರತ್ತೆ, ಒಳ್ಳೇವು 90ರ ಮೇಲೆ. ಸ್ವಿಚ್ ಬೋರ್ಡ್ ಬಿಚ್ಚಿ 6500 ಕೆಲ್ವಿನ್, 70 ಸಿಆರ್‌ಐ ಟಾರ್ಚ್ ಬಿಡಿ, ಕೆಂಪು ವೈರು ಕಂದು ವೈರು ಎರಡೂ ಒಂದೇ ಥರ ಮಾಸಲಾಗಿ ಕಾಣತ್ತೆ, ಅದೇ ಬೋರ್ಡಿಗೆ 4000, 90 ಸಿಆರ್‌ಐ ಬಿಡಿ, ಯಾವುದು ಯಾವುದು ಅಂತ ಸಲೀಸಾಗಿ ಹೇಳ್ಬೋದು. ಕಾಡಲ್ಲೂ ಒಣಗಿದೆಲೆ ಮೇಲೆ ಮಲಗಿರೋ ಕಂದು ಬಣ್ಣದ ಹಾವು ನೀಲಿ ಬೆಳಕಲ್ಲಿ ಎಲೆ ಜೊತೆ ಬೆರೆತುಹೋಗತ್ತೆ. ಗಾಯಕ್ಕೆ ಪಟ್ಟಿ ಕಟ್ಟೋಕೆ, ಮುಳ್ಳು ತೆಗೆಯೋಕೂ ಅಷ್ಟೇ, ಕೆಂಪು ಸರಿಯಾಗಿ ಕಾಣ್ಬೇಕು. ಸಿಆರ್‌ಐ ಜಾಸ್ತಿ ಇರೋ ಎಲ್‌ಇಡಿಲಿ ಲುಮೆನ್ ಸ್ವಲ್ಪ ಕಮ್ಮಿ ಬರತ್ತೆ, ಬರಲಿ ಬಿಡಿ, ನಾನಾದ್ರೆ ಕಣ್ಣುಮುಚ್ಚಿ ಅದನ್ನೇ ತಗೋತೀನಿ. ಹಳದಿ ಬೆಳಕಿಗೆ ಹುಳ ಮುತ್ತೋದೂ ಕಮ್ಮಿ, ನೀಲಿ ಅಂಶಕ್ಕೇ ಅವು ಜಾಸ್ತಿ ಬರೋದು.

ಇನ್ನೊಂದು ಚಿಕ್ಕ ಪರೀಕ್ಷೆ, ಲೋ ಮೋಡಲ್ಲಿ ಹಚ್ಚಿ ಅದರ ಮುಂದೆ ಬೆರಳುಗಳನ್ನ ಜೋರಾಗಿ ಆಡಿಸಿ. ಬೆರಳು ಬಿಟ್ ಬಿಟ್ಟು ನಾಲ್ಕೈದಾಗಿ ಕಂಡ್ರೆ ಟಾರ್ಚು ಜೋರಾಗಿ ಆನ್ ಆಫ್ ಆಗ್ತಾ ಬೆಳಕು ಕಮ್ಮಿ ಮಾಡ್ತಿದೆ ಅಂತ ಅರ್ಥ. ಕೆಲವರಿಗೆ ಇದ್ರಿಂದ ತಲೆನೋವು ಬರತ್ತೆ.

ಸ್ವಿಚ್ಚು ಕೈಗೆ ಹೊಂದತ್ತಾ

ಕತ್ತಲೇಲಿ ಟಾರ್ಚ್ ಕೈಗೆ ತಗೊಂಡಾಗ ಸ್ವಿಚ್ ಎಲ್ಲಿದೆ ಅಂತ ಇನ್ನೊಂದು ಟಾರ್ಚ್ ಹಾಕಿ ಹುಡುಕೋ ಹಾಗಿರ್ಬಾರ್ದು. ಹಿಂಬದಿ ತುದೀಲಿರೋ ಸ್ವಿಚ್ ಹುಡುಕೋದೇ ಬೇಡ, ಹೆಬ್ಬೆರಳು ತಾನಾಗೇ ಹೋಗತ್ತೆ. ಪಕ್ಕದಲ್ಲಿ ಇರೋದು ಮೋಡ್ ಬದಲಾಯಿಸೋಕೆ ಸುಲಭ, ಆದ್ರೆ ಮೈಗೆ ಸಮವಾಗಿ ಕೂತಿದ್ರೆ ಗ್ಲೌಸ್ ಹಾಕ್ಕೊಂಡಾಗ ಸಿಗಲ್ಲ. ಮೋಡ್‌ಗಳ ಸಾಲು ನೋಡಿ, ಹೈ, ಮೀಡಿಯಂ, ಲೋ, ಸ್ಟ್ರೋಬ್ (ಜೋರಾಗಿ ಮಿಣಮಿಣ ಅನ್ನೋದು), ಎಸ್‌ಓಎಸ್ ಎಲ್ಲಾ ಒಂದೇ ಸುತ್ತಲ್ಲಿ ಬರೋ ಟಾರ್ಚ್ ಬೇಡವೇ ಬೇಡ, ಲೋ ಬೇಕು ಅಂತ ಒತ್ತಿದ್ರೆ ಪ್ರತಿ ಸಲ ಮಿಣಮಿಣ ದಾಟ್ಕೊಂಡೇ ಬರ್ಬೇಕು, ಪಕ್ಕದಲ್ಲಿರೋರು ಬೈತಾರೆ. ಒಂದು ಒತ್ತಿದ್ರೆ ಆನ್, ಹಿಡ್ಕೊಂಡ್ರೆ ಕಮ್ಮಿ ಜಾಸ್ತಿ, ಆಫ್ ಇದ್ದಾಗ ಹಿಡ್ಕೊಂಡ್ರೆ ಮೂನ್‌ಲೈಟು, ಸ್ಟ್ರೋಬ್ ಬೇಕಂದ್ರೆ ಮೂರು ಸಲ ಒತ್ತೋದು, ಹೀಗಿರ್ಬೇಕು. ಹಿಂದಿನ ಸಲ ಯಾವ ಮೋಡಲ್ಲಿ ಆಫ್ ಮಾಡಿದ್ರೋ ಅದೇ ನೆನಪಿಟ್ಕೊಂಡ್ರೆ ಒಳ್ಳೇದು.

ಪಕ್ಕದ ಎಲೆಕ್ಟ್ರಾನಿಕ್ ಸ್ವಿಚ್ ಇರೋ ಪವರ್‌ಫುಲ್ ಟಾರ್ಚು ಬ್ಯಾಗಲ್ಲಿ ತಾನೇ ಆನ್ ಆಗೋದು ತಮಾಷೆ ಅಲ್ಲ, ಟರ್ಬೋಲಿ ಹಚ್ಕೊಂಡು ಕಪ್ಪು ಬಟ್ಟೆಗೆ ಒತ್ಕೊಂಡ್ರೆ ಬಟ್ಟೆ ಸುಡತ್ತೆ. ಲಾಕ್ ಮಾಡೋದು ಹೇಗೆ ಅಂತ ಮೊದಲೇ ಕಲ್ತ್ಕೊಳ್ಳಿ. ತುಂಬ ಟಾರ್ಚಲ್ಲಿ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿದ್ರೆ ಸಾಕು, ಅಲ್ಲಿರೋ ಮರೆಗಳ (ತಿರುಗಿಸೋ ಥ್ರೆಡ್‌ಗಳ) ಮೇಲೆ ಕರೆಂಟ್ ಹಾಯದಿರೋ ಆನೋಡೈಸ್ ಲೇಪ ಇರತ್ತೆ, ಮುಚ್ಚಳದ ತುದಿ ತಾಗದೇ ಹೋದ್ರೆ ಸರ್ಕ್ಯೂಟ್ ಕಟ್ಟು. ಮರೆಗಳು ಬೆಳ್ಳಗೆ ಬರೀ ಲೋಹ ಇದ್ರೆ ಈ ಉಪಾಯ ನಡೆಯಲ್ಲ. ಎಲೆಕ್ಟ್ರಾನಿಕ್ ಸ್ವಿಚ್ಚು ಆಫ್ ಇದ್ದಾಗ್ಲೂ ಒಂಚೂರು ಕರೆಂಟ್ ಹೀರ್ತಾನೇ ಇರತ್ತೆ, ತಿಂಗಳುಗಟ್ಟಲೆ ಇಡೋದಾದ್ರೆ ಅದಕ್ಕೂ ಈ ಕಾಲು ಸುತ್ತೇ ಮದ್ದು.

ತಲೆಗೆ ಕಟ್ಟೋದು, ನೇತುಹಾಕೋದು

ಒಂದೇ ಲೈಟ್ ತಗೊಳೋ ಹಾಗಿದ್ರೆ ಏನು ತಗೊಳ್ಳಿ ಅಂತ ಕೇಳಿದ್ರೆ ನಾನು ಹೇಳೋದು ಎಲ್ ಆಕಾರದ ಹೆಡ್‌ಲ್ಯಾಂಪು, ಅಂದ್ರೆ ಪಟ್ಟಿಯಿಂದ ಬಿಡಿಸಿ ಕೈಲೂ ಹಿಡೀಬೋದು, ಜೇಬಿಗೆ ಸಿಕ್ಕಿಸಿದ್ರೂ ಬೆಳಕು ಮುಂದಕ್ಕೇ ಹೋಗತ್ತೆ, ತಳದಲ್ಲಿ ಮ್ಯಾಗ್ನೆಟ್ ಇದ್ರೆ ಕಾರಿನ ಬಾನೆಟ್ಟಿಗೂ ಅಂಟಿಸ್ಬೋದು. ಎರಡು ಕೈ ಖಾಲಿ ಇರೋದ್ರ ಸುಖ ಒಂದ್ಸಲ ಗೊತ್ತಾದ್ರೆ ಬಾಯಲ್ಲಿ ಟಾರ್ಚ್ ಕಚ್ಕೊಂಡು ಕೆಲಸ ಮಾಡೋರನ್ನ ನೋಡಿದ್ರೆ ಪಾಪ ಅನ್ಸತ್ತೆ. ಮ್ಯಾಗ್ನೆಟ್ ಇರೋದನ್ನ ದಿಕ್ಸೂಚಿ ಪಕ್ಕ ಇಡ್ಬೇಡಿ, ಪೇಸ್‌ಮೇಕರ್ ಹಾಕ್ಸಿರೋರು ಎದೆ ಜೇಬಲ್ಲಿ ಇಟ್ಕೋಬೇಡಿ.

ಹೆಡ್‌ಲ್ಯಾಂಪಿಗೆ ಒಂದು ದೋಷ ಇದೆ, ಜಾಸ್ತಿ ಜನ ಹೇಳಲ್ಲ. ಬೆಳಕು ಹೊರಡೋದು ಕಣ್ಣಿನ ಹತ್ತಿರದಿಂದಾನೇ, ಹಾಗಾಗಿ ಕಲ್ಲಿನ ನೆರಳು ಕಲ್ಲಿನ ಹಿಂದೇನೇ ಅಡಗ್ಕೊಳತ್ತೆ, ನಿಮಗೆ ಕಾಣಲ್ಲ. ನೆಲ ಪೂರ್ತಿ ಚಪ್ಪಟೆ ಅನ್ಸತ್ತೆ, ಗುಂಡಿ ಯಾವ್ದು ದಿಬ್ಬ ಯಾವ್ದು ಗೊತ್ತಾಗಲ್ಲ. ಅದೇ ಲೈಟ್ ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡ್ಕೊಳ್ಳಿ, ತಕ್ಷಣ ಪ್ರತಿ ಕಲ್ಲಿಗೂ ಉದ್ದ ನೆರಳು ಹುಟ್ಟಿ ನೆಲದ ಏರುತಗ್ಗು ಎದ್ದು ಕಾಣತ್ತೆ. ಮಂಜು ಮಳೇಲೂ ಹಾಗೇ, ತಲೆ ಮೇಲಿರೋ ಬೆಳಕು ಮೂಗಿನ ಮುಂದಿರೋ ಹನಿಗಳಿಗೆ ಬಡಿದು ವಾಪಸ್ ಕಣ್ಣಿಗೇ ಬಂದು ಬಿಳಿ ಪರದೆ ಕಟ್ಟತ್ತೆ, ಲುಮೆನ್ ಜಾಸ್ತಿ ಮಾಡಿದಷ್ಟೂ ಪರದೆ ದಪ್ಪ ಆಗತ್ತೆ. ಬೆಳಕು ಕಮ್ಮಿ ಮಾಡಿ, ಕೆಳಗೆ ಇಳಿಸಿ. ಆದ್ರೆ ಈ ದೋಷಾನೇ ಒಂದು ಮಜಾನೂ ಕೊಡತ್ತೆ, ಬೆಳಕು ಕಣ್ಣು ಒಂದೇ ನೇರದಲ್ಲಿ ಇರೋದ್ರಿಂದ ಪ್ರಾಣಿಗಳ ಕಣ್ಣು ಫಳಫಳ ಹೊಳೆಯೋದು ಹೆಡ್‌ಲ್ಯಾಂಪಲ್ಲೇ ಚೆನ್ನಾಗಿ ಕಾಣೋದು, ಹುಲ್ಲಲ್ಲಿ ಕೂತಿರೋ ಪುಟ್ಟ ಜೇಡದ ಕಣ್ಣು ಕೂಡ.

ಕೆಂಪು ಬೆಳಕು ಇದ್ರೆ ಉಪಯೋಗಾನೇ. ಕಣ್ಣು ಕತ್ತಲಿಗೆ ಪೂರ್ತಿ ಹೊಂದ್ಕೊಳೋಕೆ 20ರಿಂದ 30 ನಿಮಿಷ ಬೇಕು, ಒಂದ್ಸಲ ಬಿಳಿ ಬೆಳಕು ಬಿದ್ರೆ ಮತ್ತೆ ಮೊದಲಿಂದ. ಮಂದ ಕೆಂಪಿಗೆ ಆ ಹೊಂದಾಣಿಕೆ ಅಷ್ಟಾಗಿ ಕೆಡಲ್ಲ, ನಕ್ಷತ್ರ ನೋಡೋರಿಗೆ ಇದು ಬೇಕೇ ಬೇಕು. ಮಂದ ಅನ್ನೋದು ಮುಖ್ಯ, ಝಗ್ ಅನ್ನೋ ಕೆಂಪೂ ಕೆಡಿಸತ್ತೆ. ಮ್ಯಾಪಲ್ಲಿ ಕೆಂಪು ಗೆರೆ ಇದ್ರೆ ಕೆಂಪು ಬೆಳಕಲ್ಲಿ ಅದು ಮಾಯ ಆಗತ್ತೆ ಅನ್ನೋದೂ ನೆನಪಿರಲಿ.

ಕರೆಂಟ್ ಹೋದಾಗ ರೂಮಿಗೆ, ಟೆಂಟಿಗೆ ಲ್ಯಾಂಟರ್ನ್. 100ರಿಂದ 200 ಲುಮೆನ್, ಹಳದಿ ಬೆಳಕು, ಮೇಲೆ ಹಾಲುಬಿಳಿ ಮುಚ್ಚಳ, ನೇತುಹಾಕೋಕೆ ಕೊಕ್ಕೆ, ಇಷ್ಟಿದ್ರೆ ಮುಗೀತು. ಟೇಬಲ್ ಮೇಲಿಟ್ರೆ ಕಣ್ಣಿಗೆ ನೇರ ಹೊಡೆಯತ್ತೆ, ತಲೆಗಿಂತ ಮೇಲೆ ಕಟ್ಟಿ. ಹೊರಗಡೆ ಕೂತಾಗ ಹುಳದ ಕಾಟ ಇದ್ರೆ ಬಿಳಿ ಲೈಟ್ ಒಂದನ್ನ ಸ್ವಲ್ಪ ದೂರ ಇಟ್ಟು ಹತ್ತಿರ ಮಂದ ಹಳದಿ ಇಟ್ಕೊಳ್ಳಿ, ಹುಳ ಎಲ್ಲಾ ಆ ಕಡೆ ಹೋಗ್ತವೆ. ಲ್ಯಾಂಟರ್ನ್ ಇಲ್ಲಾಂದ್ರೆ ಟಾರ್ಚನ್ನೇ ನೆಟ್ಟಗೆ ನಿಲ್ಸಿ ಬಿಳಿ ಸೀಲಿಂಗಿಗೆ ಬೆಳಕು ಬಿಡಿ, ರೂಮ್ ಪೂರ್ತಿ ತುಂಬತ್ತೆ, ಅದಕ್ಕೇ ತಳ ಚಪ್ಪಟೆ ಇರೋ, ನಿಲ್ಲೋಕಾಗೋ ಟಾರ್ಚ್ ನೋಡಿ ತಗೊಳ್ಳಿ ಅನ್ನೋದು. ಸೈಕಲ್ಲಿಗೆ ಮಾತ್ರ ಟಾರ್ಚ್ ಕಟ್ಬೇಡಿ, ಅದರ ದುಂಡಗಿನ ಬೆಳಕು ಎದುರಿಂದ ಬರೋರ ಕಣ್ಣಿಗೆ ಹೋಗತ್ತೆ, ಮೇಲ್ಗಡೆ ಕಟ್ ಆಗಿರೋ ಸೈಕಲ್ ಲೈಟೇ ಬೇರೆ ಬರತ್ತೆ.

ನೀರು, ಬೀಳೋದು, ಇಡೋದು

ಟಾರ್ಚು ನೀರು ಧೂಳು ಎಷ್ಟು ತಡೆಯತ್ತೆ ಅಂತ ಹೇಳೋದು ಐಪಿ ಅನ್ನೋ ನಂಬರು. ಐಪಿಎಕ್ಸ್4 ಅಂದ್ರೆ ನೀರು ಎರಚಿದ್ರೆ ಏನಾಗಲ್ಲ, ಐಪಿಎಕ್ಸ್7 ಅಂದ್ರೆ ಒಂದು ಮೀಟರ್ ನೀರಲ್ಲಿ 30 ನಿಮಿಷ, ಐಪಿಎಕ್ಸ್8 ಅಂದ್ರೆ ಅದಕ್ಕೂ ಮೇಲೆ, ಎಷ್ಟು ಅಂತ ಕಂಪನಿ ಹೇಳ್ಬೇಕು. ಎಕ್ಸ್ ಇರೋ ಜಾಗ ಧೂಳಿಂದು, ಎಕ್ಸ್ ಅಂದ್ರೆ ಅದನ್ನ ಟೆಸ್ಟ್ ಮಾಡಿಲ್ಲ ಅಂತ, 6 ಇದ್ರೆ ಧೂಳು ಒಳಗೆ ಹೋಗಲ್ಲ. ಮಳೇಲಿ ಓಡಾಡೋರಿಗೆ 7 ಇರಲಿ. ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳ ಸರಿಯಾಗಿ ಒತ್ತಿಲ್ಲಾಂದ್ರೆ ಈ ನಂಬರ್ ಯಾವುದಕ್ಕೂ ಬೆಲೆ ಇಲ್ಲ. ಮುಚ್ಚಳದ ಮರೆ ಹತ್ತಿರ ಇರೋ ರಬ್ಬರ್ ರಿಂಗಿಗೆ ಆಗಾಗ ಒಂಚೂರು ಸಿಲಿಕೋನ್ ಗ್ರೀಸ್ ಹಚ್ಚಿ, ಅಡಿಗೆ ಎಣ್ಣೆ ಹಚ್ಬೇಡಿ, ಜಿಗುಟಾಗಿ ಮಣ್ಣು ಹಿಡಿಯತ್ತೆ. ತಿರುಗಿಸೋವಾಗ ಕರ ಕರ ಅಂದ್ರೆ ಮರೇಲಿ ಮರಳು ಕೂತಿದೆ, ಒರೆಸಿ.

ಬೆಟ್ಟ ಕಾಡು ಅಂತ ಹೋಗೋರು ಒಂದು ಸಂಕೇತ ಗೊತ್ತಿಟ್ಕೊಳ್ಳಿ, ಪರ್ವತಗಳಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಕೊಂಡಿರೋದು. ಸಹಾಯ ಬೇಕಂದ್ರೆ ನಿಮಿಷಕ್ಕೆ ಆರು ಸಲ ಬೆಳಕು ತೋರ್ಸಿ, ಅಂದ್ರೆ ಹತ್ತು ಸೆಕೆಂಡಿಗೊಂದು, ಆಮೇಲೆ ಒಂದು ನಿಮಿಷ ಸುಮ್ನಿರಿ, ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಬೆಳಕು ವಾಪಸ್ ಬಂದ್ರೆ ಯಾರೋ ನೋಡಿದ್ದಾರೆ ಅಂತ. ಟಾರ್ಚಲ್ಲಿ ಎಸ್‌ಓಎಸ್ ಮೋಡ್ ಇಲ್ದಿದ್ರೂ ಕೈಯಲ್ಲೇ ಮಾಡ್ಬೋದು.

ಮನೇಲಿ ಇಡೋ ಲಿಥಿಯಂ ಸೆಲ್ಲನ್ನ ಫುಲ್ ಚಾರ್ಜಲ್ಲೂ ಖಾಲೀಲೂ ತಿಂಗಳುಗಟ್ಟಲೆ ಬಿಡಬೇಡಿ, ಅರ್ಧ ಚಾರ್ಜಲ್ಲಿ ತಣ್ಣಗಿನ ಜಾಗದಲ್ಲಿ ಇಡಿ, ಮೂರು ತಿಂಗಳಿಗೊಮ್ಮೆ ಹಚ್ಚಿ ನೋಡಿ. ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಬೇಡಿ, ಚಳಿ ಜಾಗದಿಂದ ಬಂದಿದ್ರೆ ಸೆಲ್ ಮೊದಲು ರೂಮ್ ಬಿಸಿಗೆ ಬರಲಿ. ಕಾರಲ್ಲಿ ಇಡೋ ಟಾರ್ಚಿಗೆ ಈ ರೀಚಾರ್ಜ್ ಸೆಲ್ ಹಾಕೋದು ನನಗಿಷ್ಟ ಇಲ್ಲ, ಬಿಸಿಲಲ್ಲಿ ನಿಂತ ಕಾರೊಳಗಿನ ಸೆಕೆಗೆ ಅವು ಬೇಗ ಮುದಿಯಾಗ್ತವೆ. ಅಲ್ಲಿಗೆ ರೀಚಾರ್ಜ್ ಆಗದ ಲಿಥಿಯಂ ಎಎ ಸೆಲ್ ಸಿಗತ್ತೆ, ಮೇಲೆ ಹೇಳಿದ 14500 ಅಲ್ಲ ಇದು, ಆಲ್ಕಲೈನ್‌ಗಿಂತ ದುಬಾರಿ, ಆದ್ರೆ ಹತ್ತು ವರ್ಷ ಇಟ್ರೂ ಚಾರ್ಜ್ ಉಳಿಯತ್ತೆ, ಆಲ್ಕಲೈನ್ ಥರ ಸೋರೋ ಕಾಟ ಇರಲ್ಲ, ಚಳಿಗೂ ಜಗ್ಗಲ್ಲ. ಎರಡು ಎಎ ಹಿಡಿಯೋ ಸಾದಾ ಟಾರ್ಚ್ ಒಂದನ್ನ ತಗೊಂಡು ಆ ಸೆಲ್ ಹಾಕಿ, ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿ, ಡ್ಯಾಶ್‌ಬೋರ್ಡ್ ಮೇಲಲ್ಲ, ಸೀಟ್ ಕೆಳಗೆ ಇಡಿ.